ಸಣ್ಣ ಫ್ಲಾಟ್‌ಗೆ ಹೋಗುತ್ತಿದ್ದೇವೆ: ಹಳೇ ವೈರ್ ಸ್ಪೀಕರ್ ಇಟ್ಟುಕೊಳ್ಳಲಾ, ವೈರ್‌ಲೆಸ್ ತಗೊಳ್ಳಲಾ?

ಬ್ರಹ್ಮಪುರದ ಕೇಳುಗ:

ಎಲ್ಲರಿಗೂ ನಮಸ್ಕಾರ. ಕಲಬುರಗಿ ಬ್ರಹ್ಮಪುರದಲ್ಲಿ ನಮ್ಮದು ಹಳೇ ಮನೆ, ದಪ್ಪ ಕಲ್ಲಿನ ಗೋಡೆ, ಕೆಳಗೆ ಶಹಾಬಾದ್ ಪರ್ಸಿ. ಮಕ್ಕಳಿಬ್ಬರೂ ಪುಣೆ, ಹೈದರಾಬಾದ್ ಸೇರಿಕೊಂಡರು. ಇಬ್ಬರಿಗೋಸ್ಕರ ಇಷ್ಟು ದೊಡ್ಡ ಮನೆ ಗುಡಿಸಿ ಒರೆಸೋದು ಯಾಕೆ ಅಂತ ಸೇಡಂ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿದ್ದೇವೆ. ಹಾಲ್ 11 ಅಡಿಗೆ 15 ಅಡಿ, ಊಟದ ಟೇಬಲ್ಲೂ ಅದರಲ್ಲೇ ಬರಬೇಕು.

ಈಗ ತಲೆನೋವು ನನ್ನ ಸ್ಪೀಕರ್‌ಗಳದ್ದು. ಸೊಂಟದೆತ್ತರದ ಎರಡು ಟವರ್, ಬೇಸ್‌ಗೆ ಅಂತಲೇ ಒಂದು ಸಬ್‌ವೂಫರ್, ಟವರ್‌ಗಳನ್ನು ಓಡಿಸುವ ಐದು ಚಾನೆಲ್ ರಿಸೀವರ್ (ಆಂಪ್ಲಿಫೈಯರ್), ಸಿಡಿ ಪ್ಲೇಯರ್, ಜೊತೆಗೆ ಒಂದು ಚೀಲ ವೈರು. ಕೇಳೋದು ಜಾಸ್ತಿ ಹಿಂದೂಸ್ತಾನಿ, ಮಲ್ಲಿಕಾರ್ಜುನ ಮನ್ಸೂರರ ವಚನ, ರಾತ್ರಿ ಸ್ವಲ್ಪ ಕವ್ವಾಲಿ. ಮನೆಯವರಿಗೆ ಟಿವಿ ಬೇಕು. "ಪಪ್ಪಾ, ಎಲ್ಲಾ ಮಾರಿಬಿಡಿ, ಎರಡು ವೈರ್‌ಲೆಸ್ ಸ್ಪೀಕರ್ ಇಟ್ಟರೆ ಮುಗೀತು" ಅಂತ ಮಗ ಹೇಳುತ್ತಾನೆ. ಅಷ್ಟು ಸುಲಭಾನಾ? ಬಳಸಿದವರು ಹೇಳಿ.

ಬೀದರ್ ಆಂಪ್ಲಿಫೈಯರ್:

ಸರ್, ವೈರ್‌ಲೆಸ್ ಅಂದರೂ ವೈರ್ ಹೋಗಲ್ಲ. ಬ್ಯಾಟರಿ ಇಲ್ಲದ ವೈರ್‌ಲೆಸ್ ಸ್ಪೀಕರ್‌ಗೆ ಕರೆಂಟ್ ಬೇಕೇ ಬೇಕು, ಎರಡು ಬೇರೆ ಬೇರೆ ಸ್ಪೀಕರ್ ತಂದರೆ ಎರಡು ಕಡೆ ಪ್ಲಗ್ ಪಾಯಿಂಟ್ ಬೇಕು. ಫ್ಲಾಟ್‌ನಲ್ಲಿ ಟಿವಿ ಗೋಡೆ ಬಿಟ್ಟರೆ ಪಾಯಿಂಟ್ ಎಲ್ಲಿರುತ್ತೆ? ಕೊನೆಗೆ ಎಕ್ಸ್‌ಟೆನ್ಶನ್ ಬೋರ್ಡು ನೆಲದ ಮೇಲೆ ಬಿದ್ದಿರುತ್ತೆ. ನಿಮ್ಮ ಈಗಿನ ಸ್ಪೀಕರ್‌ಗೆ ಆ ರಗಳೆ ಇಲ್ಲ, ಆಂಪ್ಲಿಫೈಯರ್‌ಗೆ ಒಂದು ಪ್ಲಗ್ ಸಾಕು.

ನನ್ನ ಪ್ರಕಾರ ನಿಮಗೆ ಅಡ್ಡ ಬರುತ್ತಿರೋದು ವೈರ್ ಅಲ್ಲ, ಡಬ್ಬದ ಗಾತ್ರ. ಟವರ್ ಮಾರಿ, ಐದು ಅಥವಾ ಆರೂವರೆ ಇಂಚಿನ ವೂಫರ್ (ಬೇಸ್ ಕೊಡುವ ಕೋನ್) ಇರುವ, ಕಪಾಟಿನ ಮೇಲೆ ಕೂರುವಂಥ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ತಗೊಳ್ಳಿ. ರಿಸೀವರ್ ಮಾರಿ, ಬ್ಲೂಟೂತ್ ಮತ್ತು ಎಚ್‌ಡಿಎಂಐ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಆಂಪ್ಲಿಫೈಯರ್‌ಗೆ ತರೋದು) ಎರಡೂ ಇರುವ ಎರಡು ಚಾನೆಲ್ ಆಂಪ್ಲಿಫೈಯರ್ ತಗೊಳ್ಳಿ. ಮಗ ಬಂದಾಗ ಫೋನಿಂದ ಹಚ್ಚಲಿ, ನೀವು ಸಿಡಿ ಹಾಕಿ, ಟಿವಿಯೂ ಅದಕ್ಕೇ ಸೇರುತ್ತೆ. ವಾಟ್ ಜಾಸ್ತಿ ಬೇಕು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. 88 ಡೆಸಿಬಲ್ ಸೆನ್ಸಿಟಿವಿಟಿ ಇರುವ ಸ್ಪೀಕರ್ ಒಂದೇ ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಜೋರು ಕೊಡುತ್ತೆ. ಆ ಹಾಲ್‌ನಲ್ಲಿ ನೀವು ದಿನಾ ಬಳಸೋದು ಕೆಲವೇ ವಾಟ್.

ಇನ್ನೊಂದು ಮಾತು, ಇದು ನನಗೆ ಮುಖ್ಯ ಅನಿಸುತ್ತೆ. ವೈಫೈ ಸ್ಪೀಕರ್ ಅಂದರೆ ಒಳಗೊಂದು ಕಂಪ್ಯೂಟರ್. ಕಂಪನಿ ಬೇಡ ಅಂದ ದಿನ ಅದು ಹಳೇದು. ವೈಫೈ ಸ್ಪೀಕರ್ ಮಾಡೋ ಸೋನೋಸ್ ಕಂಪನಿ ತನ್ನ ಕೆಲವು ಹಳೇ ಮಾಡೆಲ್‌ಗಳಿಗೆ 2020ರ ಮೇ ತಿಂಗಳಿಂದ ಹೊಸ ಅಪ್‌ಡೇಟ್ ನಿಲ್ಲಿಸಿತು. ಮಾಮೂಲಿ ಸ್ಪೀಕರ್‌ಗೆ ವೈಫೈ ಕೊಡೋ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ 2015ರಲ್ಲಿ ಬಂತು, 2019ರಲ್ಲಿ ತಯಾರಿಕೆ ನಿಂತಿತು. ಮಾಮೂಲಿ ಸ್ಪೀಕರ್‌ಗೆ ಅಪ್‌ಡೇಟೇ ಬೇಡ, ಹಿಂದೆ ಕೆಂಪು ಕಪ್ಪು ಎರಡು ಟರ್ಮಿನಲ್ ಇದ್ದರೆ ಯಾವ ಕಾಲದ ಆಂಪ್ಲಿಫೈಯರ್‌ಗೂ ಹೊಂದುತ್ತೆ, ಸ್ಪೀಕರ್ ಹಿಂದೆ ಬರೆದಿರೋ ಓಮ್ (ರೋಧದ ಅಳತೆ) ಆಂಪ್ಲಿಫೈಯರ್‌ಗೆ ಒಪ್ಪುತ್ತಾ ಅಂತ ಮಾತ್ರ ನೋಡಿಕೊಳ್ಳಿ.

ಯಾದಗಿರಿ ಟೀಚರ್:

ಅಣ್ಣಾರೆ, ನೀವು ಹೇಳೋದು ಹವ್ಯಾಸ ಇರೋರಿಗೆ ಸರಿ. ಆದರೆ ಮನೇಲಿ ಇನ್ನೊಬ್ಬರೂ ಇದ್ದಾರಲ್ವಾ? ನಮ್ಮಪ್ಪ ಊರಿಗೆ ಹೋದಾಗ ಅಮ್ಮನಿಗೆ ಆ ರಿಸೀವರ್ ಹಚ್ಚೋಕೇ ಬರ್ತಿರಲಿಲ್ಲ, ಇನ್‌ಪುಟ್ ಯಾವುದು, ರಿಮೋಟ್ ಯಾವುದು ಅಂತ ನನಗೆ ಫೋನ್ ಮಾಡೋರು. ಅದನ್ನೆಲ್ಲ ತೆಗೆದು, ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಜೋಡಿ ತಂದಿಟ್ಟೆ. ಟಿವಿ ಹಚ್ಚಿದರೆ ತಾನೇ ಆನ್ ಆಗುತ್ತೆ, ಅಷ್ಟೇ. ಜಾಗಾನೂ ಉಳೀತು.

ಎರಡು ಎಚ್ಚರಿಕೆ ಮಾತ್ರ. ಟಿವಿಗೆ ಬ್ಲೂಟೂತ್ ಹಚ್ಚಬೇಡಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತೆ, ಆಪ್ಟಿಕಲ್ ಇಲ್ಲವೇ ಎಚ್‌ಡಿಎಂಐ ಕೇಬಲ್ಲೇ ಹಾಕಿ. ಬ್ಯಾಟರಿ ಇರುವ ಸ್ಪೀಕರನ್ನು ಮುಖ್ಯ ಸ್ಪೀಕರ್ ಮಾಡಬೇಡಿ. ನಮ್ಮ ಕಡೆ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಕಿಟಕಿ ಪಕ್ಕ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತೆ. ಅಡುಗೆಮನೆಗೆ, ಕರೆಂಟ್ ಹೋದಾಗಿಗೆ ಒಂದು ಸಣ್ಣದು ಇರಲಿ, ಅದು ಬೇರೆ. ವೈಫೈ ಸ್ಪೀಕರ್ ತಗೊಂಡರೆ ರೂಟರ್‌ಗೂ ಇನ್ವರ್ಟರ್ ಲೈನ್ ಕೊಡಿ, ಇಲ್ಲಾಂದ್ರೆ ಸ್ಪೀಕರ್‌ಗೆ ಕರೆಂಟ್ ಇದ್ದರೂ ಹಾಡು ಬರಲ್ಲ.

ಬೀದರ್ ಆಂಪ್ಲಿಫೈಯರ್:

ಅಕ್ಕಾರೆ, ಆ ರಿಮೋಟ್ ಮಾತು ಒಪ್ಪಿದೆ. ಆದರೆ ಆಕ್ಟಿವ್ ಜೋಡೀಲೂ ಎಷ್ಟೋ ಮಾಡೆಲ್‌ನಲ್ಲಿ ಒಂದು ಡಬ್ಬದಿಂದ ಇನ್ನೊಂದಕ್ಕೆ ವೈರ್ ಎಳೀಲೇಬೇಕು. ಮತ್ತೆ ಒಳಗಿನ ಬೋರ್ಡ್ ಸುಟ್ಟರೆ ಸ್ಪೀಕರ್ ಪೂರ್ತಿ ಮೂಲೆಗೆ. ಬೇರೆ ಆಂಪ್ಲಿಫೈಯರ್ ಇದ್ದರೆ ಅದೊಂದನ್ನೇ ರಿಪೇರಿಗೆ ಒಯ್ಯಬಹುದು.

ಬ್ಲೂಟೂತ್ ಧ್ವನಿ ಕಮ್ಮಿ ಅಂತ ಹೆದರಿಸೋರಿದ್ದಾರೆ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್, ಬ್ಲೂಟೂತಿನ ಎಲ್‌ಡಿಎಸಿ ಕೋಡೆಕ್‌ನಲ್ಲಿ (ಕೋಡೆಕ್ ಅಂದರೆ ಧ್ವನಿ ಕುಗ್ಗಿಸಿ ಕಳಿಸೋ ವಿಧಾನ) ಹೆಚ್ಚೆಂದರೆ 990, ಮಾಮೂಲಿ ಎಸ್‌ಬಿಸಿ ಕೋಡೆಕ್‌ನಲ್ಲಿ ಅದಕ್ಕಿಂತ ತುಂಬಾ ಕಮ್ಮಿ, ನಿಜ. ಆದರೆ ಫ್ಯಾನ್ ಐದಕ್ಕಿಟ್ಟು ಪಕ್ಕದಲ್ಲಿ ಕೂಲರ್ ಓಡಿಸಿ ಕೇಳೋ ನಮಗೆ ಆ ವ್ಯತ್ಯಾಸ ಎಲ್ಲಿ ಸಿಗಬೇಕು! ಅಂಗಡೀಲಿ ಕೇಳುವಾಗ ಕೋಡೆಕ್ ಬಿಡಿ, ತಬಲಾ ಕೇಳಿ. ಡಗ್ಗಾದ (ಎಡಗೈ ತಬಲಾದ) ಮೇಲೆ ಅಂಗೈ ಒತ್ತಿ ಜಾರಿಸಿದಾಗ ಒಂದು "ಘೂಂ" ಬಾಗುತ್ತಾ ಏಳುತ್ತಲ್ಲ, ಅಂಗೈಯಗಲದ ಸ್ಪೀಕರ್‌ನಲ್ಲಿ ಅದರ ಮೇಲಿನ ತುದಿ ಮಾತ್ರ ಉಳಿಯುತ್ತೆ, ಬುಡಾನೇ ಇರಲ್ಲ.

ಸೂಪರ್ ಮಾರ್ಕೆಟ್ ವೈರ್‌ಮನ್:

ವೈರ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಸರ್. 1.5 ಸ್ಕ್ವೇರ್ ಎಂಎಂ ತಾಮ್ರದ ಎರಡೆಳೆ ಫ್ಲೆಕ್ಸಿಬಲ್ ವೈರ್ ಹತ್ತು ಮೀಟರ್‌ವರೆಗೂ 8 ಓಮ್ ಸ್ಪೀಕರ್‌ಗೆ ಆರಾಮ ಸಾಕು. ಬಣ್ಣ ಹಚ್ಚೋಕೆ ಮುಂಚೆ ಸ್ಕರ್ಟಿಂಗ್ ಮೇಲೆ ಸಣ್ಣ ಪಿವಿಸಿ ಪಟ್ಟಿ ಹೊಡೆಸಿ ಅದರಲ್ಲಿ ಎಳೆಸಿ, ಕಣ್ಣಿಗೇ ಬೀಳಲ್ಲ. ಕರೆಂಟಿನ ವೈರ್ ಇರೋ ಪಟ್ಟೀಲಿ ಮಾತ್ರ ಸೇರಿಸಬೇಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್‌ಗೆ ಉಲ್ಟಾ ಹಚ್ಚಿದರೆ ಸುಡೋದೇನಿಲ್ಲ, ಆದರೆ ಬೇಸ್ ಮಾಯ ಆಗುತ್ತೆ, ಹಾಡೋರು ನಡುವೆ ನಿಲ್ಲದೆ ಹಾಲ್ ತುಂಬಾ ಚೆದುರಿದ ಹಾಗೆ ಕೇಳುತ್ತೆ.

ಬ್ರಹ್ಮಪುರದ ಕೇಳುಗ:

ಎಲ್ಲರಿಗೂ ಥ್ಯಾಂಕ್ಸ್ ರೀ. ಟವರ್ ಮಾರೋಣ ಅಂತ ಜಾಲಿ ತೆಗೆದು ನೋಡಿದೆ. ವೂಫರ್ ಸುತ್ತ ಇರೋ ಫೋಮ್ ರಿಂಗ್ ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ ಅಂಟುತ್ತೆ, ಒಂದು ಕಡೆ ಸೀಳೂ ಬಿಟ್ಟಿದೆ. ಹಾಗೇ ಕೊಟ್ಟರೆ ಯಾರು ತಗೊಳ್ತಾರೆ? ಸಬ್‌ವೂಫರ್ ಆದರೂ ಒಯ್ಯಲಾ?

ಬೀದರ್ ಆಂಪ್ಲಿಫೈಯರ್:

ಫೋಮ್ ವಯಸ್ಸಾದರೆ ಹಾಗೇ ಸರ್, ರಬ್ಬರ್ ರಿಂಗ್ ಆದರೆ ತುಂಬಾ ವರ್ಷ ಬರುತ್ತೆ. ಕೋನ್ ಮತ್ತು ಕಾಯಿಲ್ ಚೆನ್ನಾಗಿದ್ದರೆ ರಿಂಗ್ ಮಾತ್ರ ಬದಲಾಯಿಸಬಹುದು. ಸುಮ್ನೆ ಗುಜರಿಗೆ ಹಾಕಬೇಡಿ, ವಿಷಯ ಹೇಳಿ ಕಮ್ಮಿಗೆ ಕೊಡಿ, ಹವ್ಯಾಸ ಇರೋ ಹುಡುಗರು ಒಯ್ಯುತ್ತಾರೆ.

ಸಬ್‌ವೂಫರ್ ಬೇಡ. ಅದರ ಸದ್ದು ಸ್ಲ್ಯಾಬ್ ಹಿಡಿದು ಕೆಳಗಿನ ಮನೆಗಿಳಿಯುತ್ತೆ, ಮೊದಲ ವಾರವೇ ಕದ ಬಡೀತಾರೆ. ಬುಕ್‌ಶೆಲ್ಫ್ ಸ್ಪೀಕರನ್ನೂ ಮೂಲೆಗೆ ಒತ್ತಬೇಡಿ, ಗೋಡೆಯಿಂದ ಮುಂದಕ್ಕಿರಲಿ. ಜಾಗ ಇಲ್ಲ, ಬೇಸ್ ಗುಂಯ್‌ಗುಡುತ್ತೆ ಅಂದರೆ ಹಿಂದಿನ ತೂತಿಗೆ ಒಂದು ಕಾಲುಚೀಲ ತುರುಕಿ ನೋಡಿ, ನಗಬೇಡಿ, ಕೆಲಸ ಮಾಡುತ್ತೆ. ಖಾಲಿ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಟೈಲ್ಸ್ ನೆಲ, ಬರೀ ಗೋಡೆ ಇದ್ದರೆ ಕಿಣ್ ಅಂತ ಬಾಲ ಎಳೆಯುತ್ತೆ. ಅದಕ್ಕೆ ಯಾವ ದುಬಾರಿ ಸ್ಪೀಕರೂ ಮದ್ದಲ್ಲ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ.

ಬ್ರಹ್ಮಪುರದ ಕೇಳುಗ:

ಜಮಖಾನ ಮನೇಲಿ ಬೇಕಾದಷ್ಟಿವೆ, ಅದನ್ನೂ ಮಾರೋಕೆ ಹೊರಟಿದ್ದೆವು. ಹಾಗಾದರೆ ಬುಕ್‌ಶೆಲ್ಫ್ ಜೋಡಿ, ಎರಡು ಚಾನೆಲ್ ಆಂಪ್ಲಿಫೈಯರ್, ಅಡುಗೆಮನೆಗೆ ಸಣ್ಣ ಬ್ಲೂಟೂತ್. ಟೀಚರಮ್ಮಾ, ಟಿವಿ ಹಚ್ಚಿದರೆ ತಾನೇ ಆನ್ ಆಗೋದು ಅಂದಿರಲ್ಲ, ಈ ಎಆರ್‌ಸಿ ಆಂಪ್ಲಿಫೈಯರ್‌ನಲ್ಲೂ ಆಗುತ್ತಾ? ಮನೆಯವರು ಅದೊಂದನ್ನೇ ಕೇಳುತ್ತಿದ್ದಾರೆ.

ಯಾದಗಿರಿ ಟೀಚರ್:

ಟಿವಿ, ಆಂಪ್ಲಿಫೈಯರ್ ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಕೇಬಲ್ ಮೂಲಕ ಒಂದು ಇನ್ನೊಂದನ್ನು ಆನ್ ಮಾಡೋ ಸೌಲಭ್ಯ) ಇದ್ದರೆ ಆಗುತ್ತೆ ಕಾಕಾ, ಎರಡೂ ಕಡೆ ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಟಿವಿ ಕಂಪನಿಗಳು ಅದಕ್ಕೆ ಒಂದೊಂದು ಹೆಸರು ಇಟ್ಟಿವೆ. ತಗೊಳ್ಳೋ ಮುಂಚೆ ನಿಮ್ಮ ಟಿವಿ ಹಿಂದೆ ಎಚ್‌ಡಿಎಂಐ ತೂತಿನ ಪಕ್ಕ ಎಆರ್‌ಸಿ ಅಂತ ಬರೆದಿದೆಯಾ ನೋಡಿ, ಒಂದು ಫೋಟೋ ಹಾಕಿ.