ಅಪ್‌ಡೇಟ್: ಅಲ್ಲಾಡುತ್ತಿದ್ದ ಟೆಲಿಸ್ಕೋಪ್ ಈಗ ಪ್ಲೈವುಡ್ ಪೆಟ್ಟಿಗೆ ಮೇಲೆ

114 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪ್ ಜೊತೆ ಬಂದ ಟ್ರೈಪಾಡ್ ಅಲ್ಲಾಡುತ್ತದೆ, ಗಟ್ಟಿಯಾದ ಮೌಂಟ್ (ಟೆಲಿಸ್ಕೋಪ್ ಕೂರಿಸುವ ಸ್ಟ್ಯಾಂಡ್) ಯಾವುದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಖರ್ಚಿಲ್ಲದ ಸಲಹೆಗಳನ್ನು ಮಾಡಿ ನೋಡಿದೆ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡವಾಗಿಟ್ಟು, ನಡುವೆ ಮರಳಿನ ಚೀಲ ತೂಗುಹಾಕಿದೆ. ಎಷ್ಟೋ ವಾಸಿಯಾಯಿತು. ಆದರೆ ಚಿಕ್ಕಬಳ್ಳಾಪುರದ ನಮ್ಮ ತಾರಸಿ ಮೇಲೆ ಗಾಳಿ ಎದ್ದರೆ ಮತ್ತೆ ಅದೇ ಗೋಳು. ಫೋಕಸ್ ತಿರುಪು ಮುಟ್ಟಿದರೆ ಸಾಕು, ಗುರು ಗ್ರಹ ಕುಣಿಯುತ್ತಿತ್ತು.

ಕೊನೆಗೆ ಡಾಬ್ಸೋನಿಯನ್ ಮೌಂಟ್, ಅಂದರೆ ಟ್ಯೂಬ್ ಕೂರಿಸಿ ಕೈಯಲ್ಲೇ ತಿರುಗಿಸುವ ಮರದ ಪೆಟ್ಟಿಗೆ, ಮಾಡಿಸಿದೆ. ಬಡಗಿ ಅಳತೆ ನೋಡಿ, "ಏನ್ ಸಾರ್, ಫಿರಂಗಿ ಇಡೋಕಾ?" ಅಂದರು. 18 ಮಿ.ಮೀ. ಪ್ಲೈವುಡ್. ತಿರುಗುವ ಹಲಗೆಯ ಅಡಿಗೆ ಸನ್‌ಮೈಕಾ, ಕೆಳಗಿನ ಹಲಗೆ ಮೇಲೆ ಮೂರು ಟೆಫ್ಲಾನ್ ತುಂಡು. ಆ ತುಂಡುಗಳು ಸರಿಯಾಗಿ ಕೆಳಗಿನ ಹಲಗೆಯ ಅಡಿಯಲ್ಲಿರುವ ಮೂರು ಕಾಲುಗಳ ನೇರಕ್ಕೇ ಇರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬಡಗಿ ಬಾಲ್ ಬೇರಿಂಗ್ ಹಾಕೋಣ ಅಂದರು, ನಾನು ಬೇಡ ಅಂದೆ. ಜಾಸ್ತಿ ಸಲೀಸಾದರೆ ಟ್ಯೂಬ್ ನಿಂತಲ್ಲಿ ನಿಲ್ಲುವುದಿಲ್ಲ. ಇದು ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ, ಕೈ ಬಿಟ್ಟರೆ ಅಲ್ಲೇ ಇರುತ್ತದೆ.

ಈಗ ಶನಿಯ ಉಂಗುರ ಆರಾಮಾಗಿ ಕಾಣುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ವಾ, ಹಾಗಾಗಿ ಆಗಾಗ ಟ್ಯೂಬ್ ಸ್ವಲ್ಪ ತಳ್ಳುತ್ತಿರಬೇಕು. ನೋಡೋಕೆ ಪರವಾಗಿಲ್ಲ. ಕ್ಯಾಮೆರಾ ಕಟ್ಟಿ ನೆಬ್ಯುಲಾ (ಆಕಾಶದ ಅನಿಲ-ಧೂಳಿನ ಮೋಡ) ಫೋಟೋ ತೆಗೆಯುವ ಆಸೆ ಇದ್ದವರು ಸುಮ್ನೆ ಮೋಟಾರ್ ಇರುವ, ಆಕಾಶದ ಚಲನೆಯನ್ನು ತಾನೇ ಹಿಂಬಾಲಿಸುವ ಇಕ್ವಟೋರಿಯಲ್ ಮೌಂಟ್‌ಗೇ ದುಡ್ಡು ಕೂಡಿಡಿ.

ವಾರ್ನಿಷ್ ಇನ್ನೂ ಬಾಕಿ. ಮಳೆಗಾಲಕ್ಕೆ ಮುಂಚೆ ಹೊಡೆಸಬೇಕು.