ಸಿಜೆ-3ಬಿ ಎತ್ತರಿಸುವ ಮುಂಚೆ: ಆಕ್ಸಲ್, ಪ್ಲೇಟು, ಶಾಕಲ್ ಪ್ರಶ್ನೋತ್ತರ

ಪ್ರಶ್ನೆ (ನಾಪೋಕ್ಲು): ಅಣ್ಣಾ, ನಮ್ಮ ತೋಟದ ಗಾಡಿ ಹಳೆಯ ಮಹೀಂದ್ರಾ ಸಿಜೆ-3ಬಿ. 80 ಇಂಚು ವೀಲ್‌ಬೇಸ್, ಹಿಂದಿನ ಆಕ್ಸಲ್ ಡಾನಾ 44, ಮುಂದಿನದು ಡಾನಾ 25. ಈಗ 6.00-16 ಟೈರಿದೆ, 31 ಇಂಚಿಂದು ಹಾಕೋ ಆಸೆ. ಆಕ್ಸಲ್ ಕೆಳಗಿರೋ ಪ್ಲೇಟ್ ಸೆಟ್ಟನ್ನ (ಲೀಫ್ ಸ್ಪ್ರಿಂಗ್) ಆಕ್ಸಲ್ ಮೇಲೆ ಕೂರಿಸಿದ್ರೆ ಕಡಿಮೆ ಖರ್ಚಲ್ಲಿ ಐದು ಇಂಚು ಎದ್ದೇಳುತ್ತೆ ಅಂತಾರೆ. ಗೊಬ್ಬರ, ಕಾಫಿ ಚೀಲ ಹೇರೋದು, ಮಳೆಗಾಲದಲ್ಲಿ ಕೆಸರು, ಅಪರೂಪಕ್ಕೊಮ್ಮೆ ಮಾಂದಲಪಟ್ಟಿ ಬೆಟ್ಟ. ಮಾಡಿಸಬಹುದಾ?

ಉತ್ತರ (ಜೀಪ್ ಮೆಕ್ಯಾನಿಕ್): ಚೀಲ ಹೇರುವ ಗಾಡಿಗೆ ಬೇಡ. ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿ. ಪ್ಲೇಟ್ ಮೇಲೆ ಹಾಕಿ ಐದು ಇಂಚು ಎತ್ತಿದರೂ ಡಿಫರೆನ್ಷಿಯಲ್ ಗುಂಡಿನ (ಆಕ್ಸಲ್ಲಿನಲ್ಲಿ ಗೇರುಗಳಿರುವ ಉಬ್ಬು) ಕೆಳಗಿನ ಜಾಗ ಒಂದು ನೂಲೂ ಹೆಚ್ಚುವುದಿಲ್ಲ. ಯು ಬೋಲ್ಟ್ ಪ್ಲೇಟು ಮೇಲಕ್ಕೆ ಹೋಗುತ್ತದೆ, ಬಾಡಿ ಮೇಲೇಳುತ್ತದೆ, ಅಷ್ಟೇ. ಗುಂಡು ಕಲ್ಲಿಗೆ ಬಡಿಯುವುದನ್ನು ತಪ್ಪಿಸೋದು ಟೈರು ಮಾತ್ರ. 28½ ಇಂಚಿನಿಂದ 31ಕ್ಕೆ ಹೋದರೂ ಸಿಗುವುದು ಒಂದೂಕಾಲು ಇಂಚು.

ಎರಡನೆಯದು, ಈ ಗಾಡಿಯ ಟ್ರ್ಯಾಕ್, ಅಂದರೆ ಎಡ-ಬಲ ಚಕ್ರಗಳ ನಡುವಿನ ಅಂತರ, ಬರೀ 48½ ಇಂಚಿನ ಆಸುಪಾಸು. ತೋಟದ ದಾರಿ ಅಂದರೆ ಒಂದು ಚಕ್ರ ಬರೆಯ ಬದಿಗೆ, ಇನ್ನೊಂದು ಚರಂಡಿಗೆ. ಆ ಓರೆಯಲ್ಲಿ ಮೇಲೆ ಹತ್ತು ಚೀಲ ಇಟ್ಟುಕೊಂಡು ಐದು ಇಂಚು ಎತ್ತರಿಸಿದ ಜೀಪು ಹೇಗೆ ನಿಲ್ಲುತ್ತೆ ಅಂತ ನೀವೇ ಯೋಚಿಸಿ.

ಮೂರನೆಯದು ಹಿಂದಿನ ಪ್ರೊಪೆಲ್ಲರ್ ಶಾಫ್ಟ್. 80 ಇಂಚಿನ ಗಾಡಿಯಲ್ಲಿ ಅದು ತೀರಾ ಗಿಡ್ಡ. ಟೇಪು ಹಿಡಿದು ಅಳೆಯಿರಿ. 20 ಇಂಚು ಎಂದಿಟ್ಟುಕೊಂಡರೆ, 2½ ಇಂಚು ಎತ್ತಿದಾಗ ಈಗಿರುವ ಓರೆಯ ಮೇಲೆ ಇನ್ನೂ 7 ಡಿಗ್ರಿ ಸೇರುತ್ತದೆ. 5½ ಇಂಚಿಗೆ 15 ಡಿಗ್ರಿ ದಾಟುತ್ತದೆ. ಆಮೇಲೆ ಶಾಫ್ಟಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಪದೇಪದೇ ಹೋಗೋದು, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ-ಹಿಂದಿನ ಆಕ್ಸಲ್‌ಗೆ ಹಂಚುವ ಗೇರು ಪೆಟ್ಟಿಗೆ) ಆಯಿಲ್ ಸೀಲ್ ಸೋರೋದು ಬೆನ್ನಿಗೇ ಬರುತ್ತದೆ. ನಾಲ್ಕನೆಯದು, ಪ್ಲೇಟು ಮೇಲೆ ಕೂತಾಗ ಲೋ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹೌಸಿಂಗ್ ತಿರುಚಿಕೊಳ್ಳುತ್ತೆ, ಪ್ಲೇಟು ‘ಎಸ್’ ಆಕಾರಕ್ಕೆ ಬಗ್ಗುತ್ತೆ. ಏರಿನಲ್ಲಿ ಹಿಂದಿನ ಚಕ್ರ ಕುಣಿಯೋದು ಇದರಿಂದಲೇ. ಅದಕ್ಕೆ ಬೇರೆ ತಡೆ ಬಾರ್ ಮಾಡಿಸಬೇಕು. ಮುಂದೆ ಸ್ಟೇರಿಂಗ್ ಲಿಂಕ್ ಪ್ಲೇಟಿಗೆ ತಾಗುತ್ತೆ, ನಕಲ್ (ಮುಂದಿನ ಚಕ್ರ ತಿರುಗಿಸುವ ಗೆಣ್ಣು) ಆರ್ಮ್ ಎತ್ತರಿಸಬೇಕು, ಬ್ರೇಕ್ ಹೋಸ್ ಉದ್ದ ಮಾಡಬೇಕು. ಕಡಿಮೆ ಖರ್ಚು ಅಂದಿದ್ದು ಪರ್ಚ್ (ಆಕ್ಸಲ್ಲಿನಲ್ಲಿ ಪ್ಲೇಟು ಕೂರುವ ಪೀಠ) ವೆಲ್ಡ್ ಮಾಡುವ ಖರ್ಚನ್ನು ಮಾತ್ರ.

ನಿಮ್ಮ ಕೆಲಸಕ್ಕೆ ಒಂದೂವರೆಯಿಂದ ಎರಡು ಇಂಚು ಸಾಕು. ಅದು ಹೊಸ ಕಮಾನಿನ ಪ್ಲೇಟ್ ಸೆಟ್ಟಿನಿಂದ ಬರಲಿ, ಉದ್ದ ಶಾಕಲ್‌ನಿಂದ (ಪ್ಲೇಟಿನ ತುದಿಯನ್ನು ಛಾಸಿಗೆ ಜೋಡಿಸುವ ಕೊಂಡಿ) ಬೇಡ. ಟೈರು 6.50-16, ಅಗಲ ಕಡಿಮೆ, ಗುಂಡಿ ಆಳ ಇರುವ ಟ್ರೆಡ್ಡು. ನಮ್ಮ ಕೆಂಪು ಜೇಡಿ ಕೆಸರಲ್ಲಿ ಸಣ್ಣ ಟೈರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ, ಅಗಲದ್ದು ಮೇಲೆ ತೇಲುತ್ತೆ. 31 ಇಂಚು ಹಾಕಿದರೆ ಸ್ಪೀಡೋಮೀಟರ್ 40 ತೋರಿಸುವಾಗ ಗಾಡಿ 43–44ರಲ್ಲಿರುತ್ತೆ. ಹಳೆಯ 9 ಇಂಚಿನ ಡ್ರಮ್ ಬ್ರೇಕಿಗೆ ಅಷ್ಟೇ ಪಾಲು ಬಲ ಕಡಿಮೆಯಾಗುತ್ತೆ. ಇಳಿಜಾರಲ್ಲಿ, ಒದ್ದೆ ಡ್ರಮ್ಮಲ್ಲಿ, ಅದು ಚಿಕ್ಕ ವಿಷಯ ಅಲ್ಲ.

ಪ್ರಶ್ನೆ (ನಾಪೋಕ್ಲು): ಸರಿ ಅಣ್ಣಾ, ಎರಡು ಇಂಚೇ ಮಾಡಿಸ್ತೀನಿ. ಕೆಲಸ ಯಾವ ಕ್ರಮದಲ್ಲಿ ಆಗಬೇಕು? ಹಳೆಯ ಪ್ಲೇಟನ್ನೇ ಕಾಯಿಸಿ ಕಮಾನು ಏರಿಸಿದ್ರೆ ಆಗಲ್ವಾ?

ಉತ್ತರ: ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ ಪ್ಲೇಟಿನ ಹದ ಹೋಗುತ್ತೆ. ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಒಂದೇ ಮಳೆಗಾಲಕ್ಕೆ ಕುಸಿಯುತ್ತೆ, ಅಥವಾ ಹೆಚ್ಚು ಗಡುಸಾಗಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಕಟ್ಟಾಗುತ್ತೆ. ತಣ್ಣಗೇ ಪ್ರೆಸ್ಸಿನಲ್ಲಿ ಅಥವಾ ಸುತ್ತಿಗೆಯಲ್ಲಿ ಏರಿಸೋದು ಅದಕ್ಕಿಂತ ವಾಸಿ. ಆದರೂ ಹಳೆಯ ಉಕ್ಕು ದಣಿದಿರುತ್ತೆ. ಹೊಸ ಸೆಟ್ ಮಾಡಿಸುವುದಾದರೆ 1¾ ಇಂಚು ಅಗಲ ಅಂತ ಹೇಳಿ, ಎರಡನೇ ಪ್ಲೇಟಿನ ತುದಿ ಮೇನ್ ಪ್ಲೇಟಿನ ಕಣ್ಣನ್ನು ಸುತ್ತಿಕೊಳ್ಳುವ ಹಾಗೆ ಮಾಡಿಸಿ. ಮೇನ್ ಪ್ಲೇಟ್ ಕಟ್ಟಾದರೂ ಆಕ್ಸಲ್ ಜಾಗ ಬಿಟ್ಟು ಹೋಗೋದಿಲ್ಲ. ಎತ್ತರ ಬೇಕೆಂದು ಎರಡು ಪ್ಲೇಟ್ ಹೆಚ್ಚಿಗೆ ತುರುಕಬೇಡಿ. ಗಾಡಿ ಕಲ್ಲಿನ ಹಾಗೆ ಗಟ್ಟಿಯಾಗಿ, ಹೊಂಡದಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತೆ. ಲಾಕ್ ಇಲ್ಲದ ಡಿಫರೆನ್ಷಿಯಲ್ಲಿನಲ್ಲಿ ಗಾಳಿಯಲ್ಲಿರುವ ಚಕ್ರವೇ ತಿರುಗೋದು.

ಬಿಚ್ಚುವ ಮುಂಚೆ ಸಮತಟ್ಟು ನೆಲದಲ್ಲಿ ಹಬ್ಬಿನ ಮಧ್ಯದಿಂದ ಮಡ್‌ಗಾರ್ಡಿಗೆ ನಾಲ್ಕೂ ಕಡೆ ಎತ್ತರ ಬರೆದಿಟ್ಟುಕೊಳ್ಳಿ. ಆಮೇಲೆ ಗಾಡಿಯ ಛಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಜಾಕ್ ಕೊಡಿ. ಹಳೆಯ ಥ್ರೆಡ್ ಶಾಕಲ್ ಇದ್ದರೆ ಅದರಲ್ಲಿ ಎಡಗಡೆಗೆ ಬಿಗಿಯುವ ಥ್ರೆಡ್ಡೂ ಇರುತ್ತೆ, ಯಾವುದು ಎಲ್ಲಿಯದು ಅಂತ ಗುರುತು ಹಾಕದೆ ಬಿಚ್ಚಬೇಡಿ. ಎಡಗಡೆ ಚಕ್ರದ ನಟ್ಟಿಗೂ ಅದೇ ಎಚ್ಚರಿಕೆ, ಉದ್ದ ಪೈಪ್ ಹಾಕಿ ಉಲ್ಟಾ ಕಡೆ ಎಳೆದು ಸ್ಟಡ್ ಮುರಿದುಕೊಳ್ಳುವವರು ಬಹಳ.

ಯು ಬೋಲ್ಟ್ ಹೊಸದೇ ಹಾಕಿ, ಒಮ್ಮೆ ಬಿಗಿದು ಎಳೆದಿದ್ದನ್ನ ಮತ್ತೆ ಬಳಸಬಾರದು. ಸೆಂಟರ್ ಬೋಲ್ಟಿನ ತಲೆ ಪರ್ಚಿನ ತೂತಿನೊಳಗೆ ಪೂರ್ತಿ ಕೂತಿದೆಯಾ ಅಂತ ಬೆಳಕು ಬಿಟ್ಟು ನೋಡಿ. ಕೂರದೆ ಬಿಗಿದರೆ ಆಕ್ಸಲ್ ಓರೆ, ಗಾಡಿ ನಾಯಿ ನಡೆದ ಹಾಗೆ ಒಂದು ಪಕ್ಕಕ್ಕೆ ಓಡುತ್ತೆ. ನಾಲ್ಕು ನಟ್ಟನ್ನ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಾರ್ಖಾನೆ ಲೆಕ್ಕ 50–55 ಪೌಂಡ್-ಅಡಿ, ಅಂದರೆ ಸುಮಾರು 70 ನ್ಯೂಟನ್ ಮೀಟರ್. ರಬ್ಬರ್ ಬುಶ್ ಹಾಕಿಸಿದ್ದರೆ ಅದರ ಪಿನ್ ಬೋಲ್ಟನ್ನು ಗಾಡಿ ಚಕ್ರದ ಮೇಲೆ ಇಳಿದ ಮೇಲೆ ಮಾತ್ರ ಕೊನೆಯ ಬಿಗಿ ಕೊಡಿ. ಜಾಕಿನ ಮೇಲಿರುವಾಗ ಬಿಗಿದರೆ ಬುಶ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತೆ.

ಇಳಿಸಿದ ಮೇಲೆ ಒಂದೊಂದೇ ಚಕ್ರ ಪೂರ್ತಿ ತೂಗಾಡಲು ಬಿಟ್ಟು ಮೂರು ನೋಡಿ: ಬ್ರೇಕ್ ಹೋಸ್ ಎಳೆಯಬಾರದು, ಶಾಕ್ ಅಬ್ಸಾರ್ಬರ್ ತುದಿ ಮುಟ್ಟಬಾರದು, ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ಪಿನಲ್ಲಿ (ಜಾರುವ ಜೋಡಣೆ) ಒಳಗೂ ಹೊರಗೂ ಕನಿಷ್ಠ ಒಂದಿಂಚು ಉಳಿದಿರಬೇಕು. ಬಂಪ್ ಸ್ಟಾಪ್ ರಬ್ಬರ್ ಇಲ್ಲದೆ ಓಡುತ್ತಿರುವ ಗಾಡಿಗಳೇ ಹೆಚ್ಚು, ಅದನ್ನ ಹಾಕಿಸಿ. 100 ಕಿಲೋಮೀಟರ್ ಆದ ಮೇಲೆ, ಮತ್ತೆ 500ಕ್ಕೆ, ಯು ಬೋಲ್ಟ್ ಮರುಬಿಗಿ. ಇದನ್ನ ಮರೆತವರದ್ದೇ ಸೆಂಟರ್ ಬೋಲ್ಟ್ ಕಟ್ಟಾಗೋದು.

ಪ್ರಶ್ನೆ (ವಿರಾಜಪೇಟೆ): ನಾನು ಮುಂದೆ ಉದ್ದ ಶಾಕಲ್ ಹಾಕಿಸಿದ್ದೀನಿ, ಒಂದಿಂಚು ಎದ್ದಿದೆ. ಈಗ 50 ದಾಟಿದ್ರೆ ಸ್ಟೇರಿಂಗ್ ಗಡಗಡ ಆಡುತ್ತೆ, ತಿರುವು ಆದ ಮೇಲೆ ತಾನಾಗಿ ನೇರ ಆಗಲ್ಲ. ಟೈರ್ ಬ್ಯಾಲೆನ್ಸಿಂಗ್ ಎರಡು ಸಲ ಆಯ್ತು ಸರ್.

ಉತ್ತರ: ಬ್ಯಾಲೆನ್ಸಿಂಗಿನ ದುಡ್ಡು ಉಳಿಸಿ. ಸಿಜೆ-3ಬಿಯಲ್ಲಿ ಮುಂದಿನ ಸ್ಪ್ರಿಂಗಿನ ಶಾಕಲ್ ಇರೋದು ಮುಂಭಾಗದಲ್ಲಿ. ಅದನ್ನ ಉದ್ದ ಮಾಡಿದರೆ ಪ್ಲೇಟಿನ ಮುಂದಿನ ತುದಿ ಕೆಳಗಿಳಿದು, ಇಡೀ ಆಕ್ಸಲ್ ಮುಂದಕ್ಕೆ ಬಾಗುತ್ತೆ. ಕಿಂಗ್ ಪಿನ್ನಿನ (ಮುಂದಿನ ಚಕ್ರ ಎಡ-ಬಲಕ್ಕೆ ತಿರುಗುವ ಪಿನ್ನು) ತಲೆ ಹಿಂದಕ್ಕೆ ವಾಲಿರಬೇಕಾದ್ದು ನೆಟ್ಟಗಾಗುತ್ತೆ, ಅಂದರೆ ಕ್ಯಾಸ್ಟರ್ ಹೋಯಿತು. ಈ ಗಾಡಿಗೆ ಬೇಕಾದ್ದು 3 ಡಿಗ್ರಿ. ಚಕ್ರ ತಾನಾಗಿ ನೇರವಾಗದಿರೋದೇ ಅದರ ಗುರುತು.

ಮದ್ದು: ಹಳೆಯ ಅಳತೆಯ ಶಾಕಲ್‌ಗೆ ಹಿಂದಿರುಗಿ. ಇಲ್ಲವಾದರೆ ಪ್ಲೇಟಿಗೂ ಪರ್ಚಿಗೂ ನಡುವೆ ಉಕ್ಕಿನ ಓರೆ ಶಿಮ್ಮು, 2 ಅಥವಾ 3 ಡಿಗ್ರಿ. ಅಲ್ಯುಮಿನಿಯಂದು ಪುಡಿಯಾಗುತ್ತೆ, ಬೇಡ. ಪ್ಲೇಟ್ ಆಕ್ಸಲ್ ಕೆಳಗಿರುವ ಗಾಡಿಯಲ್ಲಿ ಶಿಮ್ಮಿನ ದಪ್ಪ ಕಡೆ ಮುಂದಕ್ಕೆ ಬರಬೇಕು. ಪ್ಲೇಟ್ ಮೇಲಿದ್ದರೆ ದಪ್ಪ ಕಡೆ ಹಿಂದಕ್ಕೆ. ಉಲ್ಟಾ ಹಾಕಿದರೆ ರೋಗ ಎರಡರಷ್ಟು. ಒಂದು ಕೊಟ್ಟು ಒಂದು ತೆಗೆದುಕೊಳ್ಳೋದು ಇದರಲ್ಲಿ ಇದ್ದದ್ದೇ: ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಪಿನಿಯನ್ ಮೂತಿ ಕೆಳಗೆ ಬೀಳುತ್ತೆ, ಮುಂದಿನ ಶಾಫ್ಟಿನ ಕ್ರಾಸಿಗೆ ಓರೆ ಜಾಸ್ತಿಯಾಗುತ್ತೆ. ಆದ್ದರಿಂದ ಅಳೆಯದೆ 6 ಡಿಗ್ರಿ ತುರುಕಬೇಡಿ.

ಶಿಮ್ ಹಾಕುವ ಮುಂಚೆ ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗೋ ಕಿಂಗ್ ಪಿನ್ ಬೇರಿಂಗೋ ಅಂತ ಬ್ರೇಕ್ ಒತ್ತಿಸಿ ನೋಡಿ. ಬ್ರೇಕ್ ಒತ್ತಿದಾಗಲೂ ಆಟ ಉಳಿದರೆ ಕಿಂಗ್ ಪಿನ್, ಅಲ್ಲಿ ಶಿಮ್ ತೆಗೆದು ಬಿಗಿ ಕೊಡಬೇಕು. ಬೆಲ್‌ಕ್ರ್ಯಾಂಕ್ (ಸ್ಟೇರಿಂಗ್ ಎಳೆತವನ್ನು ಚಕ್ರದ ಕಡೆ ತಿರುಗಿಸುವ ತೋಳು) ಇರುವ ಗಾಡಿಯಲ್ಲಿ ಅದರ ಪಿನ್ನು ಸವೆದಿರೋದು ತೀರಾ ಮಾಮೂಲು. ಎಲ್ಲ ಆದ ಮೇಲೆ ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 1.2ರಿಂದ 2.4 ಮಿ.ಮೀ.ಗೆ ಕೂರಿಸಿ. ಎತ್ತರ ಬದಲಾದರೆ ಟೋ ಬದಲಾಗಿಯೇ ಇರುತ್ತೆ.

ಪ್ರಶ್ನೆ (ಸೋಮವಾರಪೇಟೆ): ಹಿಂದಿನ ಆಕ್ಸಲ್ ಕೂಗ್ತಿತ್ತು ಅಂತ ಗುಜರಿಯಿಂದ ಇನ್ನೊಂದು ಪೂರ್ತಿ ಹೌಸಿಂಗ್ ತಂದು ಹಾಕಿಸಿದೆ. ಟೂ ವೀಲಲ್ಲಿ ಚೆನ್ನಾಗಿದೆ, ಫೋರ್ ವೀಲ್ ಹಾಕಿದ್ರೆ ಗಾಡಿ ಹಿಡ್ಕೊಳ್ಳುತ್ತೆ, ಲಿವರ್ ವಾಪಸ್ ಬರಲ್ಲ. ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು ಅಂತಾರೆ.

ಉತ್ತರ: ಬಿಚ್ಚಬೇಡಿ. ಮುಂದಿನ ಹಿಂದಿನ ಕ್ರೌನ್-ಪಿನಿಯನ್ (ಗುಂಡಿನೊಳಗಿನ ಗೇರು ಜೋಡಿ) ಅನುಪಾತ ಬೇರೆಬೇರೆ ಇದೆ ಅಂತಲೇ ನನ್ನ ಅನುಮಾನ. ಹಲ್ಲು 43ಕ್ಕೆ 8 ಇದ್ದರೆ 5.38, 39ಕ್ಕೆ 8 ಇದ್ದರೆ 4.88. ಮುಂದೆ 5.38, ಹಿಂದೆ 4.88 ಆದರೆ ಹಿಂದಿನ ಚಕ್ರ 10 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 9 ಮೀಟರ್ ಮಾತ್ರ ಹೋಗಬೇಕೆನ್ನುತ್ತೆ. ಕೆಸರಲ್ಲಿ ಜಾರಿ ಸರಿಹೋಗುತ್ತೆ, ಗಟ್ಟಿ ನೆಲದಲ್ಲಿ ಗೇರು ಬಿಗಿದುಕೊಳ್ಳುತ್ತೆ. ಈಗ ಸಿಕ್ಕಿಕೊಂಡರೆ ರಿವರ್ಸಲ್ಲಿ ಸ್ವಲ್ಪ ಓಡಿಸಿ ಲಿವರ್ ಎಳೆಯಿರಿ, ಬಲವಂತ ಬೇಡ.

ಅಳೆಯೋದು ಹೀಗೆ. ಗೇರ್ ನ್ಯೂಟ್ರಲ್, ಟೂ ವೀಲ್, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಹಿಂದಿನ ಚಕ್ರ ಮಾತ್ರ ಎತ್ತಿ. ಉಳಿದ ಮೂರಕ್ಕೂ ಕಲ್ಲು ಕೊಡಿ. ಈ ಗಾಡಿಯ ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲಿರೋದರಿಂದ, ಅದು ಹಾಕಿದ್ದರೂ ಒಂದು ಹಿಂದಿನ ಚಕ್ರ ಗಾಳಿಗೆ ಎದ್ದ ಕ್ಷಣ ಗಾಡಿ ಉರುಳಬಹುದು. ಟೈರಿಗೆ ಮತ್ತು ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಶಾಫ್ಟು 53¾ ಸುತ್ತು ಬಂದರೆ 5.38, 48¾ ಬಂದರೆ 4.88. ಮುಂದೆಯೂ ಹಾಗೇ ಎಣಿಸಿ, ಲಾಕಿಂಗ್ ಹಬ್ ಇದ್ದರೆ ಎರಡೂ ಕಡೆ ಲಾಕ್ ಮಾಡಿಕೊಂಡು.

ಬೇರೆ ಬಂದರೆ ಹಳೆಯ ಕ್ರೌನ್-ಪಿನಿಯನ್ ಚೆನ್ನಾಗಿದೆಯಾ ನೋಡಿ, ಜೋಡಿಯಾಗಿಯೇ ಈ ಹೌಸಿಂಗಿಗೆ ಹಾಕಿಸಿ. ಒಂದರ ಕ್ರೌನ್‌ಗೆ ಇನ್ನೊಂದರ ಪಿನಿಯನ್ ಕೂರಿಸಿದರೆ ಕೂಗೋದು ಖಂಡಿತ. ಡಯಲ್ ಗೇಜಲ್ಲಿ ಆಟ 0.15–0.20 ಮಿ.ಮೀ. ಇರಲಿ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ಮಧ್ಯಕ್ಕೆ ಬರಬೇಕು. ಗೇಜ್ ಇಲ್ಲದೆ ಕೈಯಂದಾಜಲ್ಲಿ ಮಾಡುವವರ ಹತ್ತಿರ ಈ ಕೆಲಸ ಕೊಡಬೇಡಿ. ಅಂದ ಹಾಗೆ ಬೇರೆ ಗಾಡಿಯ ಹೌಸಿಂಗ್ ತರುವವರು ಗುಂಡು ಎಲ್ಲಿದೆ ಅಂತಲೂ ನೋಡಿ. ಈ ಜೀಪಿನ ಟ್ರಾನ್ಸ್‌ಫರ್ ಕೇಸ್ ಹೊರಬರೋದು ಬಲಕ್ಕೆ, ಗುಂಡೂ ಬಲಕ್ಕೇ ಇರಬೇಕು. ಮಧ್ಯದಲ್ಲಿ ಗುಂಡಿರುವ ಆಕ್ಸಲ್ ಹಾಕಿದರೆ ಗಿಡ್ಡ ಶಾಫ್ಟು ಪಕ್ಕಕ್ಕೂ ಓರೆಯಾಗುತ್ತೆ.

ಪ್ರಶ್ನೆ (ಗೋಣಿಕೊಪ್ಪ): ಮಳೆಗಾಲದ ಆಫ್‌ರೋಡಿಗೆ ಹಿಂದಿನ ಡಿಫರೆನ್ಷಿಯಲ್ ವೆಲ್ಡ್ ಮಾಡಿಸೋದು ಹೇಗೆ?

ಉತ್ತರ: ರಸ್ತೆಗಿಳಿಯುವ ಗಾಡಿಗೆ ಮಾಡಬೇಡಿ. ಹಳೆಯ ಡಾನಾ 44ರ ಹಿಂದಿನ ಶಾಫ್ಟಿನ ತುದಿ ಟೇಪರ್, ಹಬ್ ಹಿಡಿದಿರೋದು ಆ ಟೇಪರ್ ಮತ್ತು ಒಂದು ಸಣ್ಣ ಕೀ. ವೆಲ್ಡ್ ಮಾಡಿದರೆ ಎರಡು ಚಕ್ರವೂ ಒಟ್ಟಿಗೇ ತಿರುಗಬೇಕು, ಆಗ ಪ್ರತಿ ತಿರುವಲ್ಲೂ ಒಳ ಚಕ್ರ ಎಳೆಯುವ ತಿರುಚು ಅದರ ಮೇಲೇ ಬೀಳುತ್ತೆ. ಕೀ ಕತ್ತರಿಸಬಹುದು, ಶಾಫ್ಟೇ ಮುರಿದರೆ ಡ್ರಮ್ ಸಮೇತ ಚಕ್ರ ಹೊರಗೆ. ಮುಂದಕ್ಕೆ-ಹಿಂದಕ್ಕೆ ಹಾಕುವಾಗ ಟಕ್ ಅನ್ನುತ್ತಾ, ನಟ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಇದೆಯಾ ನೋಡಿ, ಇದ್ದರೆ ಟೇಪರ್ ಆಗಲೇ ಆಡುತ್ತಿದೆ. ಪುಲ್ಲರ್ ಹಾಕಿ ಬಿಚ್ಚಿ, ಶಾಫ್ಟಿನ ತುದಿಗೆ ಸುತ್ತಿಗೆ ಹೊಡೆಯಬೇಡಿ. ಟೇಪರ್ ಒಣಗಿರಬೇಕು, ಗ್ರೀಸ್ ಸವರಬಾರದು. ನಟ್ಟು ಕನಿಷ್ಠ 150 ಪೌಂಡ್-ಅಡಿ, ಸುಮಾರು 200 ನ್ಯೂಟನ್ ಮೀಟರ್. ಕಾಟರ್ ಪಿನ್ ತೂತು ಸೇರದಿದ್ದರೆ ಇನ್ನೂ ಬಿಗಿಯಿರಿ, ಸಡಿಲಿಸಬೇಡಿ.

ಪ್ರಶ್ನೆ (ಮಡಿಕೇರಿ): ಇದೆಲ್ಲ ಮಾಡಿಸಿದ್ರೆ ಆರ್‌ಟಿಒ ತಕರಾರು ಇರುತ್ತಾ? ಕೆಎ-12 ನಂಬರ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬರ್ತಿದೆ.

ಉತ್ತರ: ಸವೆದ ಪ್ಲೇಟು, ಬುಶ್, ಬೇರಿಂಗ್ ಅದೇ ಅಳತೆಯಲ್ಲಿ ಬದಲಿಸೋದು ರಿಪೇರಿ. ತಯಾರಕರ ಅಳತೆ ಮೀರಿ ಎತ್ತರಿಸೋದು, ಬೇರೆ ಆಕ್ಸಲ್ ಹಾಕೋದು ಮಾರ್ಪಾಡು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದನ್ನು ತಡೆಯುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಸೆಕ್ಷನ್ 182ಎ ಪ್ರಕಾರ ಒಂದೊಂದು ಮಾರ್ಪಾಡಿಗೆ ₹5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾಪೋಕ್ಲುವಿನವರೂ ಗಮನಿಸಿ, ಎರಡಿಂಚು ಕೂಡ ಎತ್ತರಿಸಿದ್ದೇ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ, ಇಲ್ಲವೇ ಮೂಲ ಕಮಾನಿನ ಹೊಸ ಸೆಟ್ ಹಾಕಿಸಿ. ಕುಸಿದ ಹಳೆಯ ಪ್ಲೇಟಿಗೆ ಹೋಲಿಸಿದರೆ ಅದರಲ್ಲೇ ಒಂದಿಂಚಿಗಿಂತ ಹೆಚ್ಚು ಎದ್ದರೂ ಆಶ್ಚರ್ಯವಿಲ್ಲ.

ಪ್ರಶ್ನೆ (ನಾಪೋಕ್ಲು): ಕೊನೇದೊಂದು ಅಣ್ಣಾ. ಭಾಗಮಂಡಲ ರಸ್ತೆಗೆ ಹೊಳೆ ನೀರು ಬಂದಾಗ ದಾಟಿಸಿದ್ದೆ, ಹಿಂದಿನ ಗುಂಡಿನ ಆಯಿಲ್ ಹಾಲು ಹಾಕಿದ ಕಾಫಿ ಥರ ಆಗಿದೆ.

ಉತ್ತರ: ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನಿಂದಲೋ ಬ್ರೀದರ್‌ನಿಂದಲೋ (ಗಾಳಿಯಾಡುವ ತೂತು) ನೀರು ಎಳೆದುಕೊಂಡಿದೆ. ಆ ಆಯಿಲಲ್ಲಿ ಇನ್ನು ಓಡಿಸಬೇಡಿ, ಬೇರಿಂಗ್ ಹೋಗುತ್ತೆ. ಖಾಲಿ ಮಾಡಿ, ಕವರ್ ತೆಗೆದು ಒರೆಸಿ, 90 ನಂಬರ್ ಜಿಎಲ್-5 ಆಯಿಲ್ ಸುಮಾರು 1.2 ಲೀಟರ್, ತುಂಬುವ ತೂತಿನ ಅಂಚಿನವರೆಗೆ. 50 ಕಿಲೋಮೀಟರ್ ಓಡಿಸಿ ಮತ್ತೆ ಬದಲಿಸಿ. ಗೇರ್‌ಬಾಕ್ಸಿಗೆ ಮಾತ್ರ ಜಿಎಲ್-4, ಅಲ್ಲಿ ಹಿತ್ತಾಳೆ ರಿಂಗುಗಳಿವೆ. ಬ್ರೀದರ್ ಬಿಚ್ಚಿ ಕೆಸರು ತೆಗೆದು, ಆ ಜಾಗಕ್ಕೆ ನಿಪ್ಪಲ್ ಹಾಕಿ ರಬ್ಬರ್ ಪೈಪನ್ನು ಟೇಲ್ ಲೈಟಿನ ಎತ್ತರಕ್ಕೆ ಒಯ್ದು ಬಾಯಿ ಕೆಳಗೆ ಮಾಡಿ ಕಟ್ಟಿ. ಮುಂದಿನ ಗುಂಡು ಮತ್ತು ನಕಲ್ ಒಳಗೂ ಒಮ್ಮೆ ನೋಡಿ, ಹಿಂದೆ ಹೋಗಿದ್ದರೆ ಅಲ್ಲಿಗೂ ಹೋಗಿರುತ್ತೆ.