ಫೆರಾರಿ 296 ಜಿಟಿಬಿ: ವಿ6 ಎಂಜಿನ್‌ಗೆ 120 ಡಿಗ್ರಿ ಯಾಕೆ?

ಗೇರ್‌ಗೆಳೆಯ:
2021ರಲ್ಲಿ ಈ ಕಾರು ಬಂದಾಗಿನಿಂದ ಇದೇ ತಲೆ ತಿನ್ನುತ್ತಿದೆ. ಫೆರಾರಿಯದೇ ಹಿಂದಿನ ಕಾರು ಎಫ್8ನಲ್ಲಿ 3.9 ಲೀಟರ್ ವಿ8 (ವಿ ಆಕಾರದ ಎರಡು ಸಾಲಲ್ಲಿ ಎಂಟು ಸಿಲಿಂಡರ್) ಇತ್ತು, 720 ಅಶ್ವಶಕ್ತಿ. ಇದರಲ್ಲಿ ಬರೀ 3 ಲೀಟರ್ ವಿ6, ಜೊತೆಗೆ ಎಲೆಕ್ಟ್ರಿಕ್ ಮೋಟರ್. ವಿ6 ಸದ್ದು ಯಾರಿಗೆ ಬೇಕು, ಅಲ್ವಾ? ಸಿಲಿಂಡರ್‌ಗಳ ಎರಡು ಸಾಲಿನ ನಡುವಿನ ಕೋನ ಬೇರೆಯವರೆಲ್ಲ 60, 90 ಡಿಗ್ರಿ ಅನ್ನುವಾಗ ಇವರಿಗೆ 120 ಯಾಕೆ?

ಹಳೇಸ್ಪ್ಯಾನರ್:
ಎಂಜಿನ್ ಬಿಚ್ಚಿ ಕಟ್ಟೋದೇ ನನ್ನ ಕೆಲಸ, ಹಾಗಾಗಿ ಡಿಗ್ರಿಯಿಂದಲೇ ಶುರು ಮಾಡ್ತೀನಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಆರೂ ಸಿಲಿಂಡರ್ ಒಂದೊಂದು ಸಲ ಫೈರ್ ಆಗಬೇಕು, ಅಂದರೆ ಒಳಗಿನ ಇಂಧನ ಉರಿಯಬೇಕು. ಆರರಿಂದ ಭಾಗಿಸಿ, 120 ಬರುತ್ತದೆ. ಎರಡು ಸಾಲಿನ ನಡುವೆಯೂ ಅಷ್ಟೇ ಕೋನ ಇಟ್ಟರೆ, ಎದುರುಬದುರಿನ ಎರಡು ಕನೆಕ್ಟಿಂಗ್ ರಾಡ್‌ಗೆ (ಪಿಸ್ಟನ್‌ನ್ನು ಕ್ರ್ಯಾಂಕ್‌ಗೆ ಜೋಡಿಸುವ ಕಡ್ಡಿ) ಕ್ರ್ಯಾಂಕ್‌ನ ಒಂದೇ ಪಿನ್ ಸಾಕು, ಫೈರಿಂಗ್ ಸಮ ಅಂತರದಲ್ಲೇ ಆಗುತ್ತದೆ. 90 ಡಿಗ್ರಿ ವಿ6 ಆದರೆ ಪಿನ್ನನ್ನೇ ಎರಡು ಭಾಗ ಮಾಡಿ ಆಚೀಚೆ ಸರಿಸಬೇಕು. ಇಲ್ಲಾಂದ್ರೆ ಕುಂಟುನಡಿಗೆ.

ಕೋನ ಅಗಲವಾದ್ದರಿಂದ ಎಂಜಿನ್ ತಗ್ಗಿನಲ್ಲಿ ಕೂರುತ್ತದೆ. ನಡುವಿನ ಜಾಗದಲ್ಲಿ ಎರಡೂ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು) ಇಟ್ಟಿದ್ದಾರೆ, ಗಾಳಿ ಒಳಬರುವ ಇಂಟೇಕ್ ಹೊರಬದಿಗೆ ಹೋಗಿದೆ. ಎಕ್ಸಾಸ್ಟ್ ಗ್ಯಾಸ್ ಗೇಣುದ್ದ ಓಡಿದರೆ ಸಾಕು, ಟರ್ಬೊ ಸಿಕ್ಕಿತು. ಅವು ನಿಮಿಷಕ್ಕೆ 1,80,000 ಸುತ್ತಿನವರೆಗೂ ತಿರುಗುತ್ತವೆ! ಆದರೆ ಕಾವೆಲ್ಲ ನಟ್ಟನಡುವೆ. ಅಲ್ಲಿ ಕೈಹಾಕಿ ರಿಪೇರಿ ಮಾಡುವವನ ಪಾಡು ಬೇಡ ಬಿಡಿ.

ಸದ್ದಿನ ಬಗ್ಗೆ ಸುಮ್ನೆ ಬೈಬೇಡಿ. ಫೈರಿಂಗ್ ಸಮವಾಗಿರೋದರಿಂದ ಅರ್ಧ ವಿ12 ಕೇಳಿದ ಹಾಗಿರುತ್ತದೆ. ಫೆರಾರಿಯ ಊರು ಮರನೆಲ್ಲೋದ ಎಂಜಿನಿಯರ್‌ಗಳು ಇದನ್ನು ‘ಪುಟ್ಟ ವಿ12’ ಅಂತಲೇ ಕರೆಯುತ್ತಿದ್ದರು. ಇದು ತಿರುಗೋದು 8,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ವರೆಗೆ, ಟರ್ಬೊ ಎಂಜಿನ್‌ಗೆ ಅದು ಜಾಸ್ತಿಯೇ.

ಲ್ಯಾಪ್‌ಟೈಮ್:
120 ಡಿಗ್ರಿ ಇವರಿಗೆ ಹೊಸದೇನಲ್ಲ. 1961ರಲ್ಲಿ ಫಿಲ್ ಹಿಲ್ ಫಾರ್ಮುಲಾ ಒನ್ ಚಾಂಪಿಯನ್ ಆದ ರೇಸ್ ಕಾರು ಫೆರಾರಿ 156ರಲ್ಲೂ ಇದೇ ಕೋನದ ವಿ6 ಇತ್ತು. ನನ್ನ ತಕರಾರು ತೂಕದ್ದು. ದ್ರವಗಳಿಲ್ಲದ ತೂಕ ಎಫ್8 1,330 ಕಿಲೊ, 296 1,470 ಕಿಲೊ. ಕಂಪನಿಯ ಲೆಕ್ಕದಲ್ಲೇ 0–100 ಕಿ.ಮೀ. ವೇಗಕ್ಕೆ ಎರಡಕ್ಕೂ 2.9 ಸೆಕೆಂಡ್. ಇಷ್ಟೆಲ್ಲ ಮಾಡಿ ಗಿಟ್ಟಿದ್ದೇನು?

ಹಳೇಸ್ಪ್ಯಾನರ್:
ನೂರರ ತನಕ ಲಗಾಮು ಹಿಡಿಯೋದು ಎಂಜಿನ್ ಅಲ್ಲ ಸ್ವಾಮಿ, ಹಿಂದಿನ ಎರಡು ಟೈರು. ಎರಡೂ ಹಿಂಚಕ್ರಕ್ಕೆ ಮಾತ್ರ ಪವರ್ ಹೋಗುವ ಕಾರುಗಳೇ ತಾನೇ, ಹಿಡಿತ ಸಿಗದೆ ಎಷ್ಟು ಪವರ್ ಸುರಿದರೂ ವ್ಯರ್ಥ. 0–200 ನೋಡಿ: ಎಫ್8 7.8 ಸೆಕೆಂಡ್, ಇದು 7.3. ಫೆರಾರಿಯದೇ ಫಿಯೊರಾನೊ ಟ್ರ್ಯಾಕ್‌ನಲ್ಲಿ ಸುತ್ತಿಗೆ ಒಂದೂವರೆ ಸೆಕೆಂಡ್ ಬೇಗ. 140 ಕಿಲೊ ಹೆಚ್ಚಿಗೆ ಹೊತ್ತುಕೊಂಡು!

ಎಂಜಿನ್‌ನದು 663, ಮೋಟರ್‌ದು 167, ಒಟ್ಟು 830 ಅಶ್ವಶಕ್ತಿ. ಮೋಟರ್ ಇರೋದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ. ಟರ್ಬೊ ಉಸಿರು ಹಿಡಿಯುವಷ್ಟರಲ್ಲಿ ಅದು ತಳ್ಳಿಬಿಡುತ್ತದೆ. ಬೇಕಾದರೆ ಕ್ಲಚ್ ಬಿಡಿಸಿ ಎಂಜಿನ್ ಮುಟ್ಟದೆಯೇ 25 ಕಿಲೋಮೀಟರ್ ಓಡಿಸಬಹುದು. ಆ ಕಾರು ಕೊಂಡು ಸದ್ದೇ ಇಲ್ಲದೆ ಓಡಿಸುವವರು ಯಾರೋ, ನಾನಂತೂ ಅಲ್ಲ.